ಕಾಡಿನ ಚಿತ್ರವನ್ನು ತೆಗೆಯುವ ಬಗೆ

ಮದುವೆಯ ಮನೆಯಲ್ಲಿಯೂ ಜಾತ್ರೆಯ ಬಯಲಿನಲ್ಲಿಯೂ ಒಳ್ಳೆಯ ಚಿತ್ರಗಳನ್ನು ಕೊಟ್ಟ ಕ್ಯಾಮೆರಾ ಕಾಡನ್ನು ಹೊಕ್ಕೊಡನೆ ನಮ್ಮನ್ನು ಕೈಬಿಡುವುದೇಕೆ? ಡಿ.ಎಸ್.ಎಲ್.ಆರ್. ಎಂಬ ಕ್ಯಾಮೆರಾವನ್ನು ಹೆಗಲಿಗೆ ಹಾಕಿಕೊಂಡು ಮಲೆನಾಡನ್ನು ಸುತ್ತಿ ಬಂದ ಗೃಹಸ್ಥರಲ್ಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳದವರು ವಿರಳ. ಕಣ್ಣಿಂದ ನೋಡಿದಾಗ ಮೈ ಜುಮ್ಮೆನ್ನಿಸಿದ ಕಾಡು ಚಿತ್ರದಲ್ಲಿ ಬರಿಯ ಹಸುರು ಗೊಂದಲವಾಗಿ, ಅದೂ ಮಸುಕಾಗಿ, ಬಂದಿರುತ್ತದೆ. ಆಗ ದೋಷವನ್ನು ಯಂತ್ರದ ಮೇಲೆ ಹೊರಿಸಿ, ಇನ್ನೂ ಹೆಚ್ಚು ಬೆಲೆಯ ಲೆನ್ಸನ್ನು ಕೊಳ್ಳಲು ಹೊರಡುವವರುಂಟು. ಆ ಹಣವನ್ನು ತೆರುವ ಮುನ್ನ ನಮ್ಮ ಎರಡು ಮಾತುಗಳನ್ನು ಕೇಳಬೇಕೆಂದು ವಾಚಕರಲ್ಲಿ ಬಿನ್ನಹ.

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ, ಗೇರುಸೊಪ್ಪೆಯಿಂದ ಘಟ್ಟವನ್ನೇರಿ ಜೋಗದ ಕಡೆಗೆ ಬರುವ ದಾರಿಯಲ್ಲಿ, ಕತ್ತಲೆಕಾನು ಎಂಬ ಕಾಡಿದೆ. ಕಾನು ಎಂದರೆ ಆ ಕಡೆಯವರ ಮಾತಿನಲ್ಲಿ ವರ್ಷವಿಡೀ ಹಸುರಾಗಿರುವ ದಟ್ಟವಾದ ಕಾಡು. ಅಲ್ಲಿಯ ಕತ್ತಲೆ ಎಂತಹುದೆಂಬುದನ್ನು ಹೆಸರೇ ಸಾರುತ್ತದೆ. ತೊರೆಗಳ ಬದಿಯ ಜೌಗುನೆಲದಲ್ಲಿ ಜಾಯಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳು ಬೆಳೆದಿವೆ. ಕೆಲವು ಮರಗಳು ಊರುಗೋಲುಗಳಂತಹ ಬೇರುಗಳ ಮೇಲೆ ನಿಂತಿವೆ. ಇನ್ನು ಕೆಲವುಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದು ಮತ್ತೆ ಕೆಸರಿಗಿಳಿಯುತ್ತವೆ. ಈ ಸ್ಥಳದ ಹೆಸರನ್ನೇ ಹೊತ್ತ ಮರವೂ ಒಂದುಂಟು. ಕೇರುಮರದ ಕುಲಕ್ಕೆ ಸೇರಿದ ಅದನ್ನು ಸಸ್ಯಶಾಸ್ತ್ರಜ್ಞರು ಹೊಸ ಜಾತಿಯೆಂದು ವರ್ಣಿಸಿದುದು 2000ದಲ್ಲಿ.

ಕೆಲವು ವರ್ಷಗಳ ಹಿಂದೆ ನಾವು ಅನುಮತಿಯನ್ನು ಪಡೆದು ಆ ಕಾಡಿಗೆ ಹೋಗಿದ್ದೆವು. ಎರಡು ದಿನಗಳಲ್ಲಿ ಸುಮಾರು ನಾನೂರು ಚಿತ್ರಗಳನ್ನು ತೆಗೆದು, ಗೆದ್ದವರಂತೆ ಮನೆಗೆ ಬಂದೆವು. ರಾತ್ರಿ ಊಟವಾದ ಮೇಲೆ ಎಲ್ಲರೂ ಕಂಪ್ಯೂಟರಿನ ಮುಂದೆ ನೆರೆದರು. ಹತ್ತಿಪ್ಪತ್ತು ಚಿತ್ರಗಳು ಕಳೆಯುವಷ್ಟರಲ್ಲಿ ಮನೆಯ ಹಿರಿಯರೊಬ್ಬರು, “ಎಲ್ಲಾ ಹಸುರಾಗಿದೆಯಪ್ಪಾ. ಇದರಲ್ಲಿ ನಾವು ನೋಡಬೇಕಾದ್ದು ಯಾವುದು?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ತೊರೆಯ ದಂಡೆಯಲ್ಲಿ ನೂರು ಬೇರುಗಳನ್ನು ಊರಿ ನಿಂತಿದ್ದ ಒಂದು ಹೆಮ್ಮರವನ್ನು ತೋರಿಸಹೋದೆವು, ಅದೂ ಮಸುಕಾಗಿತ್ತು. ಇರಲಿ, ಮುಂದಿನ ಸಲ ಸರಿಯಾಗಿ ತೆಗೆಯೋಣವೆಂದು ಸಮಾಧಾನ ತಂದುಕೊಂಡೆವು. ಮುಂದಿನ ಸಲ ಹೋದಾಗ ಆ ಮರವಿರಲಿಲ್ಲ. ಮಳೆಗಾಲದಲ್ಲಿ ದಂಡೆ ಕುಸಿದು ಅದು ಬುಡಸಹಿತ ಉರುಳಿ ಬಿದ್ದಿತ್ತು. ಈಗ ಅದರ ಗುರುತಾಗಿ ನಮ್ಮಲ್ಲಿರುವುದು ಆ ಒಂದು ಮಸುಕು ಚಿತ್ರ ಮಾತ್ರ. ಕಾಡಿನಲ್ಲಿ ಎಲ್ಲವೂ ನಿಂತೇ ಇರುತ್ತದೆಯೆಂಬುದು ಭ್ರಮೆ. ಈ ಪಾಠವನ್ನು ಕಲಿತ ಮೇಲೆಯೇ ನಾವು ಚಿತ್ರ ತೆಗೆಯುವುದನ್ನು ಮೊದಲಿನಿಂದ ಅಭ್ಯಾಸಮಾಡತೊಡಗಿದುದು.

ಬೆಳಕಿನ ಲೆಕ್ಕ

ನಮ್ಮ ಕಣ್ಣು ಕತ್ತಲೆಗೆ ಬೇಗನೆ ಹೊಂದಿಕೊಳ್ಳುವುದರಿಂದ ಕಾಡಿನೊಳಗೆ ಬೆಳಕು ಎಷ್ಟು ಕಡಿಮೆಯೆಂಬುದು ನಮಗೆ ತಿಳಿಯುವುದೇ ಇಲ್ಲ. ಲೆಕ್ಕವನ್ನು ಹಾಕಿ ನೋಡೋಣ. ಬಯಲಿನಲ್ಲಿ ಚೆನ್ನಾಗಿ ಬಿಸಿಲಿರುವಾಗ, ಐ.ಎಸ್.ಒ. 100, ಲೆನ್ಸಿನ ಕಿಂಡಿ ಎಫ್/8 ಇದ್ದರೆ, ಚಿತ್ರಕ್ಕೆ ಬೇಕಾಗುವ ಕಾಲ ಒಂದು ಸೆಕೆಂಡಿನ 400ರಲ್ಲೊಂದು ಪಾಲು. ದಟ್ಟವಾಗಿ ಮೋಡ ಕವಿದರೆ ಬೆಳಕು ಎಂಟರಲ್ಲೊಂದು ಪಾಲಿಗೆ ಇಳಿದು, 1/50 ಸೆಕೆಂಡು ಬೇಕಾಗುವುದು. ದಟ್ಟವಾದ ನಿತ್ಯಹಸುರಿನ ಕಾಡಿನಲ್ಲಿ ಮರಗಳ ತಲೆಯ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲವನ್ನು ಮುಟ್ಟುತ್ತದೆ. ಎಂದರೆ 1/50 ಸೆಕೆಂಡಿನ ಬದಲಾಗಿ ಒಂದರಿಂದ ಎರಡು ಸೆಕೆಂಡುಗಳ ಕಾಲ ಕ್ಯಾಮೆರಾದ ಬಾಗಿಲು ತೆರೆದಿರಬೇಕು!

ಕೈಯಲ್ಲಿ ಹಿಡಿದು ತೆಗೆಯಲು ಎಷ್ಟು ವೇಗ ಬೇಕೆಂಬುದಕ್ಕೆ ಹಳೆಯದೊಂದು ಸೂತ್ರವಿದೆ. ಲೆನ್ಸಿನ ನಾಭಿದೂರ ಎಷ್ಟು ಮಿಲಿಮೀಟರೋ, ಸೆಕೆಂಡಿನ ಅಷ್ಟನೆಯ ಒಂದು ಪಾಲಿಗಿಂತ ಹೆಚ್ಚು ಕಾಲ ತೆರೆದಿಡಬಾರದು. ಮನೆಗಳಲ್ಲಿರುವ ಸಾಮಾನ್ಯ ಡಿ.ಎಸ್.ಎಲ್.ಆರ್.ಗಳ ಸಂವೇದಕ ಹಳೆಯ ಫಿಲ್ಮಿಗಿಂತ ಚಿಕ್ಕದಾದುದರಿಂದ ಈ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಬೇಕು. ಹೀಗೆ 50 ಮಿ.ಮೀ. ಲೆನ್ಸಿಗೆ 1/80 ಸೆಕೆಂಡು ಬೇಕು. ಕಾಡು ಕೇಳುವುದು ಒಂದು ಸೆಕೆಂಡು. ಕ್ಯಾಮೆರಾವನ್ನು ಅದರ ಇಚ್ಛೆಗೆ ಬಿಟ್ಟರೆ ಅದು ಐ.ಎಸ್.ಒ.ಯನ್ನು ಮೇಲೇರಿಸಿ, ಕಿಂಡಿಯನ್ನು ಪೂರ್ತಿ ತೆರೆದು, ಆದರೂ ಸಾಲದೆ, ಮರಳು ಎರಚಿದಂತಹ ಮಸುಕು ಚಿತ್ರವನ್ನು ಕೊಡುತ್ತದೆ. ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ.

ಮಸುಕಿನ ಮೂರು ಬಗೆ

ವೈದ್ಯನು ಜ್ವರದ ಕಾರಣವನ್ನು ತಿಳಿಯದೆ ಔಷಧವನ್ನು ಕೊಡಲಾರನಷ್ಟೆ. ಹಾಗೆಯೇ ಮಸುಕಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಅದರ ಕಾರಣವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಕಾಂಡ, ಎಲೆ, ಕಲ್ಲು ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅಲುಗಿದುದು ಕ್ಯಾಮೆರಾ. ಕಾಂಡವೂ ಕಲ್ಲೂ ಸ್ಫುಟವಾಗಿದ್ದು ಎಲೆಗಳು ಮಾತ್ರ ಕಲಸಿಹೋಗಿದ್ದರೆ ಅಲುಗಿದುದು ಗಾಳಿಗೆ ಸಿಕ್ಕಿದ ಗಿಡ. ನಾವು ತೋರಿಸಬೇಕೆಂದಿದ್ದ ಮರ ಮಸುಕಾಗಿ, ಅದರ ಮುಂದಿನ ಜರಿಗಿಡವೋ ಹಿಂದಿನ ಬಳ್ಳಿಯೋ ನಿಚ್ಚಳವಾಗಿದ್ದರೆ ತಪ್ಪಿದುದು ನಾಭಿ. ನಮ್ಮ ನಾನೂರು ಚಿತ್ರಗಳನ್ನು ಹೀಗೆ ಪರೀಕ್ಷಿಸಿದಾಗ, ಬಹುಪಾಲು ಮೊದಲನೆಯ ಗುಂಪಿಗೆ ಸೇರಿದುವೆಂದು ತಿಳಿದುಬಂತು.

ಕ್ಯಾಮೆರಾವನ್ನು ನಿಲ್ಲಿಸುವ ಕ್ರಮ

ಮೊದಲನೆಯ ರೋಗಕ್ಕೆ ಮದ್ದು ಟ್ರೈಪಾಡ್, ಎಂದರೆ ಮೂರು ಕಾಲಿನ ನಿಲುಗಂಬ. ಹೊಸ ಲೆನ್ಸಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಗಟ್ಟಿಯಾದ ಟ್ರೈಪಾಡಿಗೆ ವೆಚ್ಚಮಾಡಿದರೆ, ಕ್ಯಾಮೆರಾದೊಂದಿಗೆ ಬಂದ 18–55 ಮಿ.ಮೀ. ಲೆನ್ಸೇ ಬೆರಗಾಗುವಷ್ಟು ಸ್ಫುಟವಾದ ಚಿತ್ರಗಳನ್ನು ಕೊಡುತ್ತದೆ. ಅದರ ಕಾಲುಗಳನ್ನು ತರಗೆಲೆಯ ಮೇಲೆ ಇಡದೆ, ಎಲೆಯನ್ನು ಸರಿಸಿ ಗಟ್ಟಿನೆಲದಲ್ಲಿ ಊರಬೇಕು. ನಡುವಿನ ಕಂಬವನ್ನು ಆದಷ್ಟು ಮೇಲೆತ್ತದಿರಬೇಕು.

ಟ್ರೈಪಾಡಿದ್ದರೂ ಚಿತ್ರ ಮಸುಕಾಗುವುದುಂಟು. ಅದಕ್ಕೆ ಕಾರಣ ಡಿ.ಎಸ್.ಎಲ್.ಆರ್. ಕ್ಯಾಮೆರಾದ ಹೊಟ್ಟೆಯಲ್ಲಿಯೇ ಇದೆ. ಲೆನ್ಸಿನಿಂದ ಬಂದ ಬಿಂಬವನ್ನು ನಮ್ಮ ಕಣ್ಣಿಗೆ ಮುಟ್ಟಿಸುವ ಒಂದು ಕನ್ನಡಿ ಅದರೊಳಗಿದ್ದು, ಗುಂಡಿಯನ್ನು ಒತ್ತಿದೊಡನೆ ಅದು ಪಟ್ಟನೆ ಮೇಲಕ್ಕೆ ಬಡಿದುಕೊಳ್ಳುತ್ತದೆ. ಆ ಬಡಿತದಿಂದ ಕ್ಯಾಮೆರಾ ಕ್ಷಣಕಾಲ ಕಂಪಿಸುತ್ತದೆ. 1/500 ಸೆಕೆಂಡಿನ ಚಿತ್ರಕ್ಕೆ ಇದರಿಂದ ಬಾಧೆಯಿಲ್ಲ. ಹತ್ತು ಸೆಕೆಂಡಿನ ಚಿತ್ರದಲ್ಲಿ ಆ ಕಂಪನ ಗಣನೆಗೇ ಬಾರದು. ಅರ್ಧ ಸೆಕೆಂಡಿನಿಂದ 1/30 ಸೆಕೆಂಡಿನವರೆಗಿನ ಚಿತ್ರಗಳಿಗೆ ಮಾತ್ರ ಅದು ಶತ್ರು. ಕಾಡಿನ ಚಿತ್ರಗಳಲ್ಲಿ ಬಹುಪಾಲು ಬೀಳುವುದು ಈ ಮಿತಿಯೊಳಗೇ. ಆದುದರಿಂದ ಕನ್ನಡಿಯನ್ನು ಮೊದಲೇ ಮೇಲೆತ್ತಿ ನಿಲ್ಲಿಸುವ ವ್ಯವಸ್ಥೆ ಕ್ಯಾಮೆರಾದಲ್ಲಿದ್ದರೆ ಅದನ್ನು ಬಳಸತಕ್ಕದ್ದು. ಅದಿಲ್ಲದಿದ್ದರೆ, ಹಿಂಬದಿಯ ಪರದೆಯ ಮೇಲೆ ಬಿಂಬವನ್ನು ನೋಡುವ ಲೈವ್ ವ್ಯೂ ಕ್ರಮವನ್ನು ಹಿಡಿಯಬೇಕು. ಗುಂಡಿಯನ್ನು ಬೆರಳಿನಿಂದ ಒತ್ತುವಾಗಲೂ ಕ್ಯಾಮೆರಾ ಅಲುಗುವುದರಿಂದ ಎರಡು ಸೆಕೆಂಡಿನ ಟೈಮರನ್ನಾಗಲಿ ತಂತಿಯ ಗುಂಡಿಯನ್ನಾಗಲಿ ಉಪಯೋಗಿಸುವುದು ಲೇಸು. ಲೆನ್ಸಿನಲ್ಲಿ ನಡುಕವನ್ನು ತಡೆಯುವ ಸಾಧನವಿದ್ದರೆ ಟ್ರೈಪಾಡಿನ ಮೇಲಿರುವಾಗ ಅದನ್ನು ನಿಲ್ಲಿಸಿಬಿಡಬೇಕು. ಹಳೆಯ ಲೆನ್ಸುಗಳಲ್ಲಿ ಅದು ಇಲ್ಲದ ನಡುಕವನ್ನು ಹುಡುಕಿ ತಾನೇ ನಡುಗುವುದುಂಟು.

ಗಾಳಿಗೆ ಮದ್ದು ತಾಳ್ಮೆ. ಮುಂಜಾನೆ, ಬಿಸಿಲಿನಿಂದ ಗಾಳಿಯು ಕಾಯುವ ಮೊದಲು, ಕಾಡು ಉಸಿರು ಹಿಡಿದಂತೆ ನಿಂತಿರುತ್ತದೆ. ಆಮೇಲೆಯೂ ಎರಡು ಬೀಸುಗಳ ನಡುವೆ ಒಂದು ಬಿಡುವು ಇದ್ದೇ ಇರುತ್ತದೆ. ಒಂದು ಜರಿಗಿಡದ ತುದಿಯನ್ನೇ ನೋಡುತ್ತಿದ್ದು, ಅದು ನಿಂತೊಡನೆ ಗುಂಡಿಯನ್ನೊತ್ತಬೇಕು. ಇಷ್ಟರಿಂದಲೂ ಆಗದಿದ್ದರೆ ಐ.ಎಸ್.ಒ.ಯನ್ನು 800ಕ್ಕೆ ಏರಿಸಿ ಕಿಂಡಿಯನ್ನು ಎಫ್/5.6ಕ್ಕೆ ತೆರೆದರೆ, ಒಂದು ಸೆಕೆಂಡಿನ ಕಾಲ ಸುಮಾರು 1/15ಕ್ಕೆ ಇಳಿಯುವುದು. ಚಿತ್ರದಲ್ಲಿ ಸ್ವಲ್ಪ ಕಾಳು ಕಾಣಿಸಿದರೂ ಎಲೆಯು ಎಲೆಯಾಗಿ ಬರುವುದು ಮುಖ್ಯ.

ನಾಭಿ ಮತ್ತು ಕಿಂಡಿ

ಕಾಡಿನಲ್ಲಿ ತಾನೇ ನಾಭಿಯನ್ನು ಹುಡುಕುವ ಕ್ಯಾಮೆರಾ ಸಾಮಾನ್ಯವಾಗಿ ತನಗೆ ಅತಿ ಹತ್ತಿರವಿರುವ ರೆಂಬೆಯನ್ನು ಹಿಡಿದುಕೊಳ್ಳುತ್ತದೆ. ಆದುದರಿಂದ ಅನೇಕ ಬಿಂದುಗಳ ಬದಲು ಒಂದೇ ಬಿಂದುವನ್ನು ಆರಿಸಿ, ನಮಗೆ ಬೇಕಾದ ಕಾಂಡದ ಮೇಲೆ ಇಡಬೇಕು. ಟ್ರೈಪಾಡಿದ್ದರೆ ಇನ್ನೂ ಉತ್ತಮವಾದ ಮಾರ್ಗವೆಂದರೆ, ಲೈವ್ ವ್ಯೂನಲ್ಲಿ ಬಿಂಬವನ್ನು ಹತ್ತು ಪಟ್ಟು ದೊಡ್ಡದು ಮಾಡಿಕೊಂಡು ತೊಗಟೆಯ ಬಿರುಕು ನಿಚ್ಚಳವಾಗುವವರೆಗೆ ಕೈಯಿಂದಲೇ ಲೆನ್ಸಿನ ಉಂಗುರವನ್ನು ತಿರುಗಿಸುವುದು.

ಹತ್ತಿರದ ಬೇರು, ದೂರದ ಮರ ಎರಡೂ ಸ್ಫುಟವಾಗಬೇಕೆಂದರೆ ಕಿಂಡಿಯನ್ನು ಕಿರಿದುಗೊಳಿಸಬೇಕು. ಸಾಮಾನ್ಯ ಡಿ.ಎಸ್.ಎಲ್.ಆರ್.ನಲ್ಲಿ ಲೆನ್ಸು 24 ಮಿ.ಮೀ., ಕಿಂಡಿ ಎಫ್/8 ಇದ್ದು, ಸುಮಾರು 4 ಮೀಟರ್ ದೂರಕ್ಕೆ ನಾಭಿಯನ್ನಿಟ್ಟರೆ, 2 ಮೀಟರಿನಿಂದಾಚೆಗಿರುವುದೆಲ್ಲವೂ ಸಾಕಷ್ಟು ಸ್ಫುಟವಾಗಿ ಬರುತ್ತದೆ. ಹಾಗೆಂದು ಕಿಂಡಿಯನ್ನು ಎಫ್/22ರವರೆಗೆ ಇಳಿಸಬಾರದು. ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಅವರ ಗೆಳೆಯರು 1932ರಲ್ಲಿ ಕಟ್ಟಿದ ಸಂಘಕ್ಕೆ ಎಫ್/64 ಎಂಬ ಕಿರುಗಿಂಡಿಯ ಹೆಸರನ್ನೇ ಇಟ್ಟಿದ್ದರೆಂಬುದು ನಿಜ. ಆದರೆ ಅವರ ಕ್ಯಾಮೆರಾಗಳ ಫಿಲ್ಮು ಅಂಗೈಗಿಂತ ಅಗಲವಾಗಿತ್ತು. ನಮ್ಮ ಸಂವೇದಕವಾದರೋ ಅಂಚೆಯ ಚೀಟಿಯಷ್ಟಿದೆ. ಬೆಳಕು ಅತಿ ಕಿರಿದಾದ ಕಿಂಡಿಯಲ್ಲಿ ನುಸುಳುವಾಗ ಅಂಚಿನಲ್ಲಿ ಹರಡಿಕೊಳ್ಳುವುದರಿಂದ, ಸಣ್ಣ ಸಂವೇದಕದ ಮೇಲೆ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್/8ರಿಂದ ಎಫ್/11ರವರೆಗೆ ಇರುವುದು ಕ್ಷೇಮ.

ಚೌಕಟ್ಟಿನೊಳಗೆ ಏನಿರಬೇಕು?

ಇನ್ನು ಆ ಹಿರಿಯರ ಪ್ರಶ್ನೆ. ಸ್ಫುಟವಾಗಿ ಬಂದ ಗೊಂದಲವೂ ಗೊಂದಲವೇ ಸರಿ. ಕಾಡಿನಲ್ಲಿ ನಿಂತವನ ಕಣ್ಣು ತನಗೆ ಬೇಡವಾದುದನ್ನು ತಾನೇ ಬದಿಗೊತ್ತಿ, ಬೇಕಾದ ಒಂದು ಮರವನ್ನೇ ನೋಡುತ್ತದೆ. ಕ್ಯಾಮೆರಾಕ್ಕೆ ಅಂತಹ ವಿವೇಕವಿಲ್ಲ. ಒಣಕಡ್ಡಿಗೂ ಹೆಮ್ಮರಕ್ಕೂ ಅದು ಸಮಾನ ಮರ್ಯಾದೆಯನ್ನು ಕೊಡುತ್ತದೆ. ಆದುದರಿಂದ ಬಿಡುವ ಕೆಲಸವನ್ನು ನಾವು ಮಾಡಬೇಕು. ಅಂಗಳವನ್ನು ಗುಡಿಸದೆ ರಂಗವಲ್ಲಿಯನ್ನು ಇಡುವವರುಂಟೆ?

ಇದಕ್ಕೆ ಖರ್ಚಿಲ್ಲದ ಒಂದು ಉಪಾಯವನ್ನು ಹೇಳುವೆವು. ಹಳೆಯದೊಂದು ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಆರು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರದ ಕಿಟಕಿಯೊಂದನ್ನು ಕತ್ತರಿಸಿಕೊಳ್ಳಿರಿ; ಕ್ಯಾಮೆರಾದ ಚೌಕಟ್ಟಿನ ಪ್ರಮಾಣವೂ ಅದೇ. ಕ್ಯಾಮೆರಾವನ್ನು ಚೀಲದಲ್ಲಿಯೇ ಬಿಟ್ಟು, ಒಂದು ಕಣ್ಣನ್ನು ಮುಚ್ಚಿಕೊಂಡು, ಈ ಕಿಟಕಿಯ ಮೂಲಕ ಕಾಡನ್ನು ನೋಡುತ್ತ ಅರ್ಧ ಗಂಟೆ ನಡೆಯಿರಿ. ಕಿಟಕಿಯನ್ನು ಕಣ್ಣಿನಿಂದ ದೂರಕ್ಕೆ ಹಿಡಿದಷ್ಟೂ ನೋಟ ಕಿರಿದಾಗುತ್ತದೆ. ಎಲ್ಲಿ ನಿಂತಾಗ “ಇದು ಇಂತಹುದರ ಚಿತ್ರ” ಎಂದು ಒಂದೇ ವಾಕ್ಯದಲ್ಲಿ ಹೇಳಲು ಬರುವುದೋ ಅಲ್ಲಿ ಮಾತ್ರ ಕ್ಯಾಮೆರಾವನ್ನು ಹೊರಕ್ಕೆ ತೆಗೆಯಿರಿ. ವಾಕ್ಯದಲ್ಲಿ “ಮತ್ತು” ಎಂಬ ಮಾತು ಎರಡು ಸಲ ಬಂದರೆ ಮುಂದಕ್ಕೆ ನಡೆಯಿರಿ.

ಜಾಗವನ್ನು ಆರಿಸಿದ ಮೇಲೆ ಗಮನಿಸಬೇಕಾದುವು ಕೆಲವಿವೆ. ಒಂದರ ಹಿಂದೊಂದು ಮರೆಯಾದ ಕಾಂಡಗಳು ಕಂಬದ ರಾಶಿಯಂತೆ ಕಾಣುತ್ತವೆ. ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಅವುಗಳ ನಡುವೆ ತೆರಪು ಹುಟ್ಟಿ, ಒಂದೊಂದು ಮರವೂ ತನ್ನ ಸ್ಥಳದಲ್ಲಿ ನಿಲ್ಲುತ್ತದೆ. ಚೌಕಟ್ಟಿನ ನಾಲ್ಕು ಅಂಚುಗಳನ್ನೂ ಒಂದು ಸುತ್ತು ನೋಡಬೇಕು. ಮೂಲೆಯಿಂದ ಚಾಚಿದ ಬೆಳ್ಳನೆಯ ಕಡ್ಡಿಯೊಂದು ಕಣ್ಣನ್ನು ಚಿತ್ರದಿಂದ ಹೊರಕ್ಕೆ ಎಳೆದೊಯ್ಯುವುದು. ಎಲೆಗಳ ಸಂದಿನಲ್ಲಿ ಇಣುಕುವ ಬಿಳಿಯ ಆಕಾಶವೂ ಹಾಗೆಯೇ. ಕ್ಯಾಮೆರಾವನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ ಆಕಾಶವನ್ನು ಪೂರ್ತಿಯಾಗಿ ಬಿಟ್ಟುಬಿಡುವುದೇ ಮೇಲು. ಎತ್ತರದ ಮರವನ್ನು ತೆಗೆಯಲು ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಕಾಂಡಗಳು ಒಳಕ್ಕೆ ವಾಲಿದಂತೆ ಬರುತ್ತವೆ. ದಿಣ್ಣೆಯನ್ನೇರಿ, ಹಿಂದಕ್ಕೆ ಸರಿದು, ಕ್ಯಾಮೆರಾವನ್ನು ನೆಟ್ಟಗೆ ಹಿಡಿದರೆ ಈ ದೋಷವಿರದು. ಕಾಡೆಂದರೆ ಅಗಲವಾದ ನೋಟದ ಲೆನ್ಸೇ ಬೇಕೆಂಬುದು ತಪ್ಪು. 70ರಿಂದ 135 ಮಿ.ಮೀ. ಲೆನ್ಸು ದೂರದ ನಾಲ್ಕು ಮರಗಳನ್ನು ಆರಿಸಿ ಹತ್ತಿರಕ್ಕೆ ತಂದು, ಉಳಿದ ಗೊಂದಲವನ್ನು ಹೊರಗೇ ನಿಲ್ಲಿಸುತ್ತದೆ.

ಮಳೆ, ಮಂಜು, ಬಿಸಿಲು

ನೆತ್ತಿಯ ಬಿಸಿಲು ಪ್ರವಾಸಿಗಳಿಗೆ ಹಿತವಾದರೂ ಕಾಡಿನ ಚಿತ್ರಕ್ಕೆ ಒಗ್ಗದು. ಅದು ಕಾಡನ್ನು ಬಿಳಿಯ ಚುಕ್ಕೆ, ಕರಿಯ ಮಡುವುಗಳಾಗಿ ಒಡೆದುಬಿಡುತ್ತದೆ. ಮೋಡದ ಬೆಳಕು ಎಲ್ಲೆಡೆಯೂ ಸಮನಾಗಿ ಹಬ್ಬುವುದು. ಮಂಜಂತೂ ಹಿಂದಿನ ಗೊಂದಲಕ್ಕೆ ಪ್ರಕೃತಿಯೇ ಎಳೆದ ತೆರೆ; ಮುಂದಿನ ಮರಗಳು ಕಪ್ಪಾಗಿ, ಹಿಂದಿನವು ತಿಳಿಯಾಗಿ, ದೂರವು ತಾನೇ ಅಳತೆಗೆ ಸಿಗುತ್ತದೆ. ಕ್ಯಾಮೆರಾದ ಬೆಳಕಿನ ಮಾಪಕ ಯಾವುದನ್ನು ಕಂಡರೂ ನಡುಬೂದಿಯ ಬಣ್ಣಕ್ಕೆ ತರಲೆಳಸುವುದರಿಂದ, ಮಂಜಿನಲ್ಲಿ ಒಂದು ಮೆಟ್ಟಲು ಹೆಚ್ಚು ಬೆಳಕನ್ನು ಕೊಡಬೇಕು. ಕಪ್ಪು ಕಾಂಡಗಳೇ ತುಂಬಿದ ಕಡೆ ಅರ್ಧ ಮೆಟ್ಟಲಿನಿಂದ ಒಂದು ಮೆಟ್ಟಲು ಕಡಿಮೆ ಮಾಡಬೇಕು. ಮಳೆ ನಿಂತೊಡನೆ ಒದ್ದೆಯ ಎಲೆಗಳು ಕನ್ನಡಿಯಂತೆ ಹೊಳೆದು ತಮ್ಮ ಹಸುರನ್ನು ಮುಚ್ಚಿಕೊಳ್ಳುತ್ತವೆ. ಪೋಲರೈಸರ್ ಎಂಬ ಗಾಜನ್ನು ಲೆನ್ಸಿನ ಮುಂದಿಟ್ಟು ತಿರುಗಿಸಿದರೆ ಆ ಹೊಳಪಳಿದು ನಿಜವಾದ ಬಣ್ಣ ಮೇಲೇಳುವುದು. ಆದರೆ ಅದು ಒಂದೂವರೆ ಎರಡು ಮೆಟ್ಟಲು ಬೆಳಕನ್ನು ನುಂಗುವುದರಿಂದ ಟ್ರೈಪಾಡಿಲ್ಲದೆ ಬಳಸಲಾಗದು. ಚಿತ್ರವನ್ನು ರಾ ಎಂಬ ಕಚ್ಚಾ ರೂಪದಲ್ಲಿ ಇಟ್ಟುಕೊಂಡರೆ, ಎಲೆಗಳ ಮೂಲಕ ಬಂದ ಬೆಳಕಿನ ಹಸುರು ಛಾಯೆಯನ್ನು ಮನೆಯಲ್ಲಿ ನಿಧಾನವಾಗಿ ತಿದ್ದಬಹುದು.

ಮಲೆನಾಡಿನ ತೇವ ಲೆನ್ಸಿಗೆ ಬೂಷ್ಟು ಹಿಡಿಸುತ್ತದೆ. ಮನೆಗೆ ಬಂದೊಡನೆ ಕ್ಯಾಮೆರಾವನ್ನು ಒರೆಸಿ ಗಾಳಿಗಿಟ್ಟು, ಬಳಿಕ ತೇವವನ್ನು ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಂದಿಗೆ ಬಿಗಿಯಾದ ಡಬ್ಬದಲ್ಲಿ ಇಡಬೇಕು. ತೊಗಲಿನ ಚೀಲದಲ್ಲಿ ಮುಚ್ಚಿಟ್ಟರೆ ಒಂದೇ ಮಳೆಗಾಲ ಸಾಕು.

ಕಾಡಿನ ಮರ್ಯಾದೆ

ಚಿತ್ರಕ್ಕೆ ಅಡ್ಡಬಂದ ರೆಂಬೆಯನ್ನು ಮುರಿಯುವುದು, ಹಾವಸೆಯ ಬಂಡೆಯನ್ನು ತುಳಿಯುವುದು, ಜೌಗಿನಲ್ಲಿ ಬೇರುಗಳ ಮೇಲೆ ನಡೆಯುವುದು ಸಲ್ಲದು. ಆ ಮೊಣಕಾಲಿನಂತಹ ಬೇರುಗಳು ಮರದ ಮೂಗು. ನೀರು ನಿಂತ ಕೆಸರಿನಲ್ಲಿ ಗಾಳಿ ದೊರೆಯದುದರಿಂದ ಮೇಲೆದ್ದು ಅವು ಉಸಿರಾಡುತ್ತವೆ. ಅಭಯಾರಣ್ಯಗಳಲ್ಲಿ ಚಿತ್ರ ತೆಗೆಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಬೇಕು. ಮಳೆಗಾಲದಲ್ಲಿ ಉಂಬಳಗಳ ಕಾಟವೂ ಉಂಟು. ಅವುಗಳಿಂದ ತಪ್ಪಿಸಿಕೊಳ್ಳಲು ಕುಣಿದಾಡುವವನ ಚಿತ್ರ ಹೇಗಿರುವುದೆಂದು ಬೇರೆ ಹೇಳಬೇಕಾಗಿಲ್ಲ. ಉದ್ದನೆಯ ಕಾಲುಚೀಲವನ್ನು ಮೊದಲೇ ಹಾಕಿಕೊಂಡಿರಬೇಕು.

ಅಭ್ಯಾಸಕ್ಕೆ ಕಾಡಿಗೇ ಹೋಗಬೇಕೆಂದಿಲ್ಲ. ಊರ ಹೊರಗಿನ ಮಾವಿನ ತೋಪು, ಮನೆಯ ಹಿತ್ತಲಿನ ಹಲಸಿನ ಮರ ಸಾಕು. ಬೆಂಗಳೂರಿನ ಇ. ಹನುಮಂತರಾಯರೂ ಟಿ. ಎನ್. ಎ. ಪೆರುಮಾಳರೂ ವನ್ಯಜೀವಿಗಳ ಚಿತ್ರಗಳಿಂದ ಹೆಸರಾದುದು ಫಿಲ್ಮಿನ ಕಾಲದಲ್ಲಿ. ಆಗಿನ ಒಂದು ಸುರುಳಿಯಲ್ಲಿ ಇದ್ದುದು 36 ಚಿತ್ರಗಳು. ಗುಂಡಿಯನ್ನು ಒತ್ತಿದ ಪ್ರತಿಯೊಂದು ಸಲಕ್ಕೂ ದುಡ್ಡು ತೆರಬೇಕಾಗಿತ್ತು. ದಿನಕ್ಕೆ ಮೂವತ್ತಾರಕ್ಕಿಂತ ಹೆಚ್ಚು ತೆಗೆಯೆವೆಂಬ ನೇಮವನ್ನು ನಾವೂ ಹಿಡಿದೆವು. ಚಿತ್ರಗಳು ಕಡಿಮೆಯಾದುವು, ನೋಡುವ ಹೊತ್ತು ಹೆಚ್ಚಾಯಿತು.

ಮತ್ತೆ ಕತ್ತಲೆಕಾನಿಗೆ ಹೋದಾಗ, ಆ ಬಿದ್ದ ಮರದಿಂದ ಸ್ವಲ್ಪ ದೂರದಲ್ಲಿ, ಮೋಡದ ಬೆಳಕಿನಲ್ಲಿ ಒಂದೇ ಒಂದು ಮರದ ಬುಡವನ್ನು ಆರಿಸಿಕೊಂಡೆವು. ಗಾಳಿ ನಿಲ್ಲುವುದನ್ನು ಕಾಯುತ್ತ ನಲವತ್ತು ನಿಮಿಷ ನಿಂತು, ಐದು ಚಿತ್ರಗಳನ್ನು ತೆಗೆದೆವು. ಮನೆಯಲ್ಲಿ ಅದೇ ಹಿರಿಯರ ಮುಂದೆ ಅವುಗಳಲ್ಲಿ ಒಂದನ್ನಿಟ್ಟೆವು. ಈ ಸಲ ಅವರು ನೋಡಬೇಕಾದುದು ಯಾವುದೆಂದು ಕೇಳಲಿಲ್ಲ. ಕನ್ನಡಕವನ್ನು ಸರಿಪಡಿಸಿಕೊಂಡು, ಬೆರಳನ್ನು ಒಂದು ಬೇರಿನ ಮೇಲಿಟ್ಟು, “ಇದು ಮೇಲಕ್ಕೆ ಬಂದು ಮತ್ತೆ ಕೆಳಕ್ಕೆ ಹೋಗಿದೆಯಲ್ಲಪ್ಪಾ, ಏಕೆ?” ಎಂದರು. ಆ ರಾತ್ರಿ ಮನೆಯಲ್ಲಿ ಮಲಗುವ ಹೊತ್ತು ಮೀರುವವರೆಗೂ ಕಾಡಿನ ಮಾತೇ ನಡೆಯಿತು.